ಬೆಳಕು ಅಳುವವರ ಮುಖ ಬಿಟ್ಟು ಬೇರೆಡೆ ಬಿದ್ದಾಗ: ಕಾರವಾಜ್ಜೊನ ‘ಕನ್ಯಾಮರಿಯಳ ಮರಣ’

ಹೊಂಗೆನೆರಳು

ಇಟಲಿಯ ಚಿತ್ರಕಾರ ಕಾರವಾಜ್ಜೊನ ‘ಕನ್ಯಾಮರಿಯಳ ಮರಣ’ದ ಬಗ್ಗೆ ಒಂದು ಮಾತು ಚರ್ಚೆಗೆ ಇಡುತ್ತಿದ್ದೇನೆ. ಇಲ್ಲಿ ಕುಂಚ ಹಿಡಿದವರೂ ಇದ್ದೀರಿ, ಚರ್ಚಿನ ಒಳಗೇ ಬೆಳೆದವರೂ ಇದ್ದೀರಿ. ನೀವೇನನ್ನುತ್ತೀರಿ ಅಂತ ಕೇಳಬೇಕು.

ಯಾವ ಚರ್ಚಿಗೆ ಬರೆದದ್ದೋ ಅಲ್ಲಿನವರೇ ಬೇಡವೆಂದ, ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ ಈ ಚಿತ್ರ 369 ಸೆಂ.ಮೀ. ಎತ್ತರ, 245 ಸೆಂ.ಮೀ. ಅಗಲ. ಎದುರಿಗೆ ನಿಂತರೆ ಅದರೊಳಗಿನ ಜನ ಹೆಚ್ಚುಕಡಿಮೆ ನಮ್ಮಷ್ಟೇ ಆಳೆತ್ತರ. ಕೋಣೆ ಬಡವರದ್ದು. ಮರದ ತೊಲೆ, ಬೋಳು ಗೋಡೆ, ಮೇಲ್ಭಾಗವನ್ನೆಲ್ಲ ತುಂಬಿಕೊಂಡ ಕೆಂಪು ಪರದೆ. ಮರಿಯಳ ದೇಹವನ್ನು ಅಡ್ಡಲಾಗಿ ಮಲಗಿಸಿದ್ದಾರೆ. ಕೆಂಪು ಉಡುಪು, ಊದಿಕೊಂಡ ಮೈ, ಆಚೆ ಚಾಚಿದ ಬರಿಗಾಲು. ತಲೆಯ ಸುತ್ತ ದಾರದಷ್ಟು ತೆಳ್ಳನೆಯ ಪ್ರಭೆಯ ಗೆರೆ ಒಂದಿದೆ. ಅದೊಂದನ್ನು ಬಿಟ್ಟರೆ ಇವಳು ದೇವಮಾತೆ ಎನ್ನುವ ಗುರುತೇ ಇಲ್ಲ. ಹೆಣವನ್ನು ಹೆಣದ ಹಾಗೇ ಬರೆದಿದ್ದಾನೆ.

ಈಗ ಬೆಳಕಿನ ದಾರಿ ನೋಡಿ. ಎಡಗಡೆ ಮೇಲಿನಿಂದ, ನಮಗೆ ಕಾಣದ ಎಲ್ಲಿಂದಲೋ ಒಳಗೆ ಬರುತ್ತದೆ. ಗುಂಪಾಗಿ ನಿಂತ ಪ್ರೇಷಿತರ, ಅಂದರೆ ಯೇಸುವಿನ ಶಿಷ್ಯರ, ಬೋಳುತಲೆಗಳನ್ನು ಸವರಿಕೊಂಡು ಮರಿಯಳ ಮುಖಕ್ಕೆ ಬರುತ್ತದೆ. ಅಲ್ಲಿಂದ ಮುಂದಕ್ಕೆ ಇಳಿದು ಯೇಸುವಿನ ಶಿಷ್ಯೆ ಮಗ್ದಲದ ಮರಿಯಳ ಕತ್ತಿನ ಹಿಂಭಾಗದ ಮೇಲೆ ನಿಲ್ಲುತ್ತದೆ. ಅವಳು ಗಿಡ್ಡ ಕುರ್ಚಿಯೊಂದರಲ್ಲಿ ಕೂತು, ಸೊಂಟದಿಂದ ಮಡಚಿಕೊಂಡು, ಮುಖವನ್ನು ಮಡಿಲಿಗೇ ಹುದುಗಿಸಿಬಿಟ್ಟಿದ್ದಾಳೆ. ನಮಗೆ ಸಿಗುವುದು ಸುತ್ತಿದ ಜಡೆ, ಹಿಂಗತ್ತು, ಭುಜ ಅಷ್ಟೇ. ಅವಳ ಕಾಲ ಬಳಿ ದೇಹ ತೊಳೆಯಲು ತಂದಿಟ್ಟ ತಾಮ್ರದ ಬೋಗುಣಿ. ಹಿಂದೆ ನಿಂತ ಒಬ್ಬ ಪ್ರೇಷಿತ ಕೈಯಿಂದ ಕಣ್ಣು ಮುಚ್ಚಿಕೊಂಡಿದ್ದಾನೆ. ಎಲ್ಲಕ್ಕಿಂತ ನಿಚ್ಚಳವಾಗಿ ಬೆಳಗಿದ ಮುಖ ಸತ್ತವಳದ್ದು.

ಬರೋಕ್ ಚಿತ್ರಗಳ, ಅಂದರೆ ಹದಿನೇಳನೇ ಶತಮಾನದ ಯುರೋಪಿನ ಆ ಶೈಲಿಯ ಚಿತ್ರಗಳ, ಕತ್ತಲೆಯನ್ನು ನಾವು ನಾಟಕದ ಪರಿಣಾಮ ಅಂತ ಓದಿ ರೂಢಿ. ಈ ಚಿತ್ರದಲ್ಲಿ ಅದು ಬೇರೆಯದೇ ಕೆಲಸ ಮಾಡುತ್ತಿದೆ ಅನ್ನುವುದು ನನ್ನ ವಾದ. ಅಳುವವರಿಗೆ ಅದು ಮರೆ ಕೊಡುತ್ತಿದೆ. ದುಃಖ ಇದೆ ಅಂತ ತೋರಿಸುತ್ತಾನೆ, ದುಃಖಿಸುವವರ ಮುಖವನ್ನು ಮಾತ್ರ ನಮ್ಮ ಕಣ್ಣಿಗೆ ಒಪ್ಪಿಸುವುದಿಲ್ಲ. ಒಪ್ಪುತ್ತೀರಾ?

ತುಂಗಾತೀರ

ಚೆನ್ನಾಗಿ ಬಿಡಿಸಿ ಹೇಳಿದ್ದೀರಿ. ಆದರೆ ‘ಮರೆ ಕೊಡುತ್ತಿದೆ’ ಅನ್ನೋದನ್ನ ಒಪ್ಪೋಕೆ ನನಗೆ ಕಷ್ಟ. ಬೆಳಕು ಮೇಲಿಂದ ಬಂದ್ರೆ ತಲೆ ಬಗ್ಗಿಸಿದವರ ನೆತ್ತಿ, ಬೆನ್ನು ಬೆಳಗೋದು ಸಹಜ. ಕೋಣೆ ಕತ್ತಲು ಮಾಡಿ, ದೀಪ ಎತ್ತರದಲ್ಲಿಟ್ಟು, ಎದುರಿಗೆ ಜನರನ್ನ ನಿಲ್ಲಿಸಿಕೊಂಡು ಬರೀತಿದ್ದ ಅಂತ ಅವನ ಜೀವನಚರಿತ್ರೆ ಬರೆದ ಬೆಲ್ಲೋರಿ 1672ರಲ್ಲೇ ಹೇಳಿದ್ದಾನೆ. ಮುಖ ಕಾಣದೇ ಹೋಗಿದ್ದು ಆ ವಿಧಾನದ ಫಲ ಇರಬಹುದಲ್ವಾ? ಅದೂ ಅಲ್ದೆ, ಈಗ ನಾವು ನೋಡ್ತಿರೋ ಕತ್ತಲಲ್ಲಿ ನಾನೂರು ವರ್ಷದ ಮಾಸಲೂ ಸೇರಿದೆ.

ಬಣ್ಣದ ಪೆಟ್ಟಿಗೆ

ತುಂಗಾತೀರ ಅವರ ಕೊನೆಯ ಮಾತು ನಿಜ. ಅದನ್ನು ಸ್ವಲ್ಪ ವಿವರಿಸುತ್ತೇನೆ, ಯಾಕೆಂದರೆ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇದೆ.

ರೋಮಿನಲ್ಲಿ ಕಾರವಾಜ್ಜೊ ಕ್ಯಾನ್ವಾಸಿಗೆ ಮೊದಲು ಗಾಢ ಕಂದು ಬಣ್ಣದ ತಳ ಹಾಕಿಕೊಳ್ಳುತ್ತಿದ್ದ. ನೆರಳಿನ ಜಾಗಗಳಲ್ಲಿ ಅದರ ಮೇಲೆ ತೀರಾ ತೆಳ್ಳಗೆ ಬಣ್ಣ ಬಳಿಯುತ್ತಿದ್ದ, ಕೆಲವೆಡೆ ತಳವನ್ನೇ ಹಾಗೇ ಬಿಟ್ಟುಬಿಡುತ್ತಿದ್ದ. ಬೆಳಕಿನ ಜಾಗದಲ್ಲಿ ಮಾತ್ರ ಸೀಸದ ಬಿಳಿ ಬೆರೆಸಿದ ದಪ್ಪ ಬಣ್ಣ. ಎಣ್ಣೆಬಣ್ಣ ವಯಸ್ಸಾದಂತೆ ಪಾರದರ್ಶಕವಾಗುತ್ತದೆ. ತೆಳ್ಳಗಿದ್ದ ನಡುಛಾಯೆಗಳು ತಳದ ಕಂದಿನೊಳಕ್ಕೆ ಇಳಿದುಹೋಗುತ್ತವೆ, ದಪ್ಪ ಬಿಳಿ ಉಳಿದುಕೊಳ್ಳುತ್ತದೆ. ಹಾಗಾಗಿ ಅವನು ಬರೆದಾಗ ಇದ್ದದ್ದಕ್ಕಿಂತ ಇವತ್ತಿನ ಚಿತ್ರದಲ್ಲಿ ಬೆಳಕು-ಕತ್ತಲೆಯ ಅಂತರ ಜಾಸ್ತಿ. ಮೇಲಿನ ವಾರ್ನಿಶ್ ಹಳದಿಗಟ್ಟುವುದು ಬೇರೆ.

ಆದರೆ ಇದರಿಂದ ಹೊಂಗೆನೆರಳು ಅವರ ವಾದ ಬಿದ್ದುಹೋಗುವುದಿಲ್ಲ. ಬಿಳಿ ಕ್ಯಾನ್ವಾಸಿನ ಮೇಲೆ ಕೆಲಸ ಮಾಡುವವರು ನೆರಳನ್ನು ಸೇರಿಸುತ್ತಾ ಹೋಗುತ್ತಾರೆ. ಕಂದು ತಳದ ಮೇಲೆ ಕತ್ತಲೆ ಮೊದಲೇ ಇರುತ್ತದೆ, ಬೆಳಕನ್ನು ಒಂದೊಂದಾಗಿ ಖರ್ಚು ಮಾಡಬೇಕು. ನನ್ನ ವಿದ್ಯಾರ್ಥಿಗಳಿಗೆ ಬರ್ನ್ಟ್ ಅಂಬರ್ ತಳ ಹಾಕಿಸಿ ಒಂದು ತಲೆ ಬರೆಯಲು ಕೊಡುತ್ತೇನೆ. ಹೊಸಬರು ಎಲ್ಲರೂ ಬಿಳಿಯನ್ನು ನೇರ ಕಣ್ಣು, ಮೂಗು, ತುಟಿಗೆ ಒಯ್ಯುತ್ತಾರೆ. ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಹಿಂಗತ್ತಿಗೆ ಆ ಬಿಳಿ ಹಾಕಿ ಮುಖವನ್ನು ಕತ್ತಲೆಯಲ್ಲೇ ಬಿಡಬೇಕೆಂದರೆ ಅದು ನಿರ್ಧಾರ ಮಾಡಿಯೇ ಆಗಬೇಕು.

ಇನ್ನೊಂದು ಸಂಗತಿ. ಅವನ ಕೈಯದು ಎಂದು ಖಚಿತವಾಗಿ ಹೇಳಬಹುದಾದ ರೇಖಾಚಿತ್ರ ಒಂದೂ ಉಳಿದಿಲ್ಲ. ಬದಲಿಗೆ ಹಲವು ಕ್ಯಾನ್ವಾಸುಗಳಲ್ಲಿ ಹಸಿ ತಳದ ಮೇಲೆ ಮೊನಚಾದ ಯಾವುದರಿಂದಲೋ ಗೀರಿದ ಗೆರೆಗಳಿವೆ, ಓರೆ ಬೆಳಕಿನಲ್ಲಿ ಕಾಣುತ್ತವೆ. ಎದ್ದುಹೋದ ಮಾಡೆಲ್ ವಾಪಸ್ ಬಂದಾಗ ತಲೆ, ಭುಜ ಅದೇ ಕೋನಕ್ಕೆ ಬರಲಿ ಅಂತ ಹಾಕಿಕೊಂಡ ಗುರುತು ಇರಬೇಕು. ಇಷ್ಟು ಲೆಕ್ಕ ಹಾಕುವವನಿಗೆ ‘ಬೆಳಕು ಹಾಗೆ ಬಿತ್ತು’ ಅನ್ನುವ ಮಾತು ಹೊಂದುವುದಿಲ್ಲ.

ಹೊಂಗೆನೆರಳು

ತುಂಬಾ ಉಪಕಾರವಾಯಿತು ಸರ್. ಬೆಳಕಿನ ಬಗ್ಗೆ ಅವನು ಎಷ್ಟು ಹಟ ಹಿಡಿಯುತ್ತಿದ್ದ ಅನ್ನುವುದಕ್ಕೆ ಕಾಗದಪತ್ರವೇ ಇದೆ. 1604ರಲ್ಲಿ ರೋಮಿನ ಸ್ಯಾನ್ ಬ್ಯಾಜೊ ಓಣಿಯಲ್ಲಿ ಬಾಡಿಗೆ ಮನೆ ಹಿಡಿದಾಗ, ಒಂದು ಕೋಣೆಯ ಅರ್ಧ ಮಾಳಿಗೆ ತೆಗೆಸಲು ಅನುಮತಿ ಬೇಕು ಎಂದು ಕರಾರಿನಲ್ಲೇ ಬರೆಸಿಕೊಂಡಿದ್ದ. ಬಾಡಿಗೆ ಕಟ್ಟದೆ 1605ರಲ್ಲಿ ಮನೆಯೊಡತಿ ಸಾಮಾನು ಜಪ್ತಿ ಮಾಡಿಸಿದಳು, ಇವನು ರಾತ್ರಿ ಹೋಗಿ ಅವಳ ಕಿಟಕಿಗೆ ಕಲ್ಲೆಸೆದ. ಆ ಜಗಳ ಹಾಗಿರಲಿ. ಎತ್ತರದ ಕ್ಯಾನ್ವಾಸು ನಿಲ್ಲಿಸಲೋ, ಮೇಲಿನ ಬೆಳಕಿಗೋ, ಎರಡಕ್ಕೂ ಇರಬಹುದು, ಸೂರನ್ನೇ ಬಿಚ್ಚಿಸುವ ಮನುಷ್ಯ ಆತ.

ಕುಡ್ಲದ ಮಗಳು

ನಾನು ಚಿತ್ರಕಲೆ ಕಲಿತವಳಲ್ಲ, ಇಗರ್ಜಿಯ (ಚರ್ಚಿನ) ಕಡೆಯಿಂದ ನೋಡಿ ಹೇಳುವುದು. ಈ ಚಿತ್ರಗಳನ್ನು ನಾವು ಮ್ಯೂಸಿಯಮ್ಮಿನಲ್ಲಿ, ಪುಸ್ತಕದಲ್ಲಿ ನೋಡುತ್ತೇವೆ. ಬರೆಸಿದ್ದು ಬಲಿಪೀಠದ ಮೇಲೆ ಇಡಲಿಕ್ಕೆ. ಅದನ್ನು ಮರೆತರೆ ನೆರಳು ಅರ್ಥ ಆಗುವುದಿಲ್ಲ.

ಅವನದೇ ‘ಸಮಾಧಿಗೆ ಇಳಿಸುವಿಕೆ’ ತೆಗೆದುಕೊಳ್ಳಿ. 1600ರ ಮೊದಲ ವರ್ಷಗಳಲ್ಲಿ ರೋಮಿನ ಕಿಯೇಝಾ ನುವೋವಾ ಚರ್ಚಿನ ಒಂದು ಪಾರ್ಶ್ವ ಚಾಪೆಲ್ಲಿಗೆ ಬರೆದದ್ದು, ಈಗ ವ್ಯಾಟಿಕನ್ನಿನ ಚಿತ್ರಶಾಲೆಯಲ್ಲಿ ಉಂಟು, ಮೂಲ ಜಾಗದಲ್ಲಿ ನಕಲು ಇಟ್ಟಿದ್ದಾರೆ. ಐದು ಜನ ಒಟ್ಟಿಗೆ ಒತ್ತಿಕೊಂಡು ನಿಂತಿದ್ದಾರೆ. ಮೇಲೆ ಕ್ಲೋಪನ ಮರಿಯ ಎರಡೂ ಕೈ ಆಕಾಶಕ್ಕೆ ಎತ್ತಿದ್ದಾಳೆ, ಅವಳ ಕೆಳಗೆ ಮಗ್ದಲದವಳು ತಲೆ ಬಗ್ಗಿಸಿ ಬಟ್ಟೆಯಿಂದ ಕಣ್ಣೊರೆಸಿಕೊಳ್ಳುತ್ತಾಳೆ, ಮಾತೆ ಮರಿಯ ಮುದುಕಿಯಾಗಿದ್ದಾಳೆ. ಕೆಳಗೆ ಯೊವಾನ್ನ ಮತ್ತು ನಿಕೊದೇಮ ಯೇಸುವಿನ ಭಾರ ಹೊತ್ತಿದ್ದಾರೆ. ಯೊವಾನ್ನನ ಬೆರಳು ಪಕ್ಕೆಯ ಗಾಯಕ್ಕೇ ತಗಲಿದೆ, ನೋಡಿದರೆ ಮೈ ಜುಮ್ಮೆನ್ನುತ್ತದೆ. ಕಾಲಡಿಯ ಕಲ್ಲುಚಪ್ಪಡಿಯ ಮೂಲೆ ಚಿತ್ರದಿಂದ ಹೊರಗೆ ನಮ್ಮ ಕಡೆ ಚಾಚಿದೆ. ಅದರ ಕೆಳಗೆ ಬಲಿಪೀಠ. ಪೂಜೆಯಲ್ಲಿ ಯಾಜಕರು ‘ಇದು ನನ್ನ ಶರೀರ’ ಅಂತ ರೊಟ್ಟಿ ಎತ್ತುವಾಗ, ಮೇಲೆ ಅದೇ ಶರೀರ ಕೆಳಗೆ ಇಳಿಯುತ್ತಾ ಇರುತ್ತದೆ. ಸುತ್ತ ಕತ್ತಲೆ ಇಲ್ಲದಿದ್ದರೆ ಆ ಶರೀರ ದೃಶ್ಯದ ಒಳಗೇ ಉಳಿಯುತ್ತಿತ್ತು. ಕತ್ತಲೆಯಿಂದಾಗಿ ಅದು ಪೀಠದ ಮೇಲೆಯೇ ಬಂದ ಹಾಗೆ ಆಗುತ್ತದೆ.

ನಮ್ಮಲ್ಲಿ ಪವಿತ್ರ ಶುಕ್ರವಾರ ಬಟ್ಟೆ, ಮೇಣದಬತ್ತಿ ಏನೂ ಇಲ್ಲದೆ ಪೀಠ ಬೋಳಾಗಿರುತ್ತದೆ. ಗಂಟೆ ಇಲ್ಲ, ಮರದ ಹಲಗೆ ಬಡಿಯುವುದು. ಶಿಲುಬೆಯಿಂದ ಇಳಿಸಿದ ಯೇಸುವಿನ ಪ್ರತಿಮೆಗೆ ಮುತ್ತಿಡಲು ಜನ ಸಾಲು ನಿಲ್ಲುತ್ತಾರೆ. ಆ ಸಾಲಿನಲ್ಲಿ ಯಾರೂ ಇನ್ನೊಬ್ಬರ ಮುಖ ನೋಡುವುದಿಲ್ಲ, ಎಲ್ಲರ ಕಣ್ಣು ಮಲಗಿಸಿದ ಆ ಮೈ ಮೇಲೆ. ಹಾಗಾಗಿ ಹೊಂಗೆನೆರಳು ಹೇಳಿದ್ದು ನನಗೆ ಕೂಡಲೇ ಹೌದು ಅನ್ನಿಸಿತು.

ಧಾರವಾಡದ ಓದುಗ

ಎಲ್ಲಾರೂ ಭಾಳ ಚಲೋ ಬರ್ದೀರಿ. ನನ್ನದೊಂದು ಸಂಶಯ ಐತಿ. ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಪರಿಷತ್ತು 1563ರ ಡಿಸೆಂಬರದಾಗ ಚಿತ್ರಗಳ ಬಗ್ಗೆ ನಿಯಮ ಮಾಡ್ತಲ್ರೀ, ಚಿತ್ರ ಜನರಿಗೆ ಧರ್ಮ ಕಲಿಸಬೇಕು, ಭಕ್ತಿ ಹುಟ್ಟಿಸಬೇಕು, ಅಸಭ್ಯ ಇರಬಾರದು ಅಂತ. 1582ರಾಗ ಬೊಲೋನ್ಯದ ಧರ್ಮಾಧ್ಯಕ್ಷ ಪಾಲೆಓತ್ತಿ ಇದನ್ನ ಹಿಡಕೊಂಡು ದೊಡ್ಡ ಗ್ರಂಥನ ಬರ್ದ. ಅಂದಮ್ಯಾಲೆ ಜನರ ಕಣ್ಣಾಗ ನೀರು ತರಸೋದು ಚರ್ಚಿಗೂ ಬೇಕಾಗಿತ್ತು. ಹಂಗಿದ್ದ ಮ್ಯಾಲೆ ಇಷ್ಟು ಕರುಳು ಹಿಂಡೋ ಚಿತ್ರಾನ ಯಾಕ ಬ್ಯಾಡ ಅಂದ್ರು? ಮುಖ ಕಾಣ್ಸೂದಿಲ್ಲ ಅಂತನೋ, ಮತ್ತ ಬ್ಯಾರೆ ಕಾರಣನೋ?

ಹೊಂಗೆನೆರಳು

ಓದುಗರೇ, ಚಿತ್ರ ಬರೆಸಿದ್ದು ಲಾಯೆರ್ತ್ಸಿಯೊ ಕೆರುಬೀನಿ ಎಂಬ ವಕೀಲ, 1601ರ ಕರಾರು. ಹೋಗಬೇಕಾಗಿದ್ದು ರೋಮಿನ ತ್ರಾಸ್ತೆವೆರೆಯ ಸಾಂತ ಮರೀಯ ದೆಲ್ಲ ಸ್ಕಾಲ ಚರ್ಚಿಗೆ. ಅಲ್ಲಿನ ಬರಿಗಾಲ ಕಾರ್ಮೆಲ್ ಸಭೆಯ ಸನ್ಯಾಸಿಗಳು ಬೇಡವೆಂದರು. ಕಾರಣವನ್ನು ಆ ಶತಮಾನದಲ್ಲಿ ಅವನ ಬದುಕಿನ ಬಗ್ಗೆ ಬರೆದವರು ಒಬ್ಬೊಬ್ಬರು ಒಂದೊಂದು ರೀತಿ ಬರೆದಿಟ್ಟಿದ್ದಾರೆ. ಮಾಂಚೀನಿ, ಮರಿಯಳ ರೂಪಕ್ಕೆ ವೇಶ್ಯೆಯೊಬ್ಬಳನ್ನು ಮಾಡೆಲ್ ಮಾಡಿಕೊಂಡಿದ್ದ ಅನ್ನುತ್ತಾನೆ. ಬಾಲ್ಯೋನೆ, ಮೈ ಊದಿತ್ತು, ಕಾಲು ಬರಿದಾಗಿತ್ತು ಅನ್ನುತ್ತಾನೆ. ಬೆಲ್ಲೋರಿಯದೂ ಊದಿದ ಹೆಣದ ಆಕ್ಷೇಪವೇ. ಮೂವರಲ್ಲಿ ಯಾರೂ ಕತ್ತಲೆಯನ್ನು ದೂರುವುದಿಲ್ಲ.

ಅದೇ ಹೊತ್ತಿಗೆ 1607ರಲ್ಲಿ ಚಿತ್ರಕಾರ ರೂಬೆನ್ಸ್ ಈ ಚಿತ್ರ ನೋಡಿ ತನ್ನ ಒಡೆಯ ಮಾಂತುವಾದ ಡ್ಯೂಕನಿಗೆ ಕೊಡಿಸಿದ. ಮಾಂತುವಾಕ್ಕೆ ಕಳಿಸುವ ಮೊದಲು ಒಂದು ವಾರ ರೋಮಿನಲ್ಲಿ ಪ್ರದರ್ಶನಕ್ಕಿಟ್ಟರು. ಮುಂದೆ ಇಂಗ್ಲೆಂಡಿನ ದೊರೆ ಒಂದನೇ ಚಾರ್ಲ್ಸ್, ಅವನ ನಂತರ ಫ್ರಾನ್ಸಿನ ಹದಿನಾಲ್ಕನೇ ಲೂಯಿ, ಹೀಗೆ ಕೈ ಬದಲಾಗಿ ಲೂವ್ರ್ ಸೇರಿತು.

ಕುಡ್ಲದ ಮಗಳು

ಆಕ್ಷೇಪದ ಹಿಂದೆ ನಂಬಿಕೆಯ ವಿಷಯವೂ ಉಂಟು. ಮಾತೆ ಮರಿಯ ಸಾಮಾನ್ಯರ ಹಾಗೆ ಸತ್ತು ಕೊಳೆಯುವವಳಲ್ಲ, ಆತ್ಮ ಶರೀರ ಸಮೇತ ಸ್ವರ್ಗಕ್ಕೆ ಎತ್ತಲ್ಪಟ್ಟವಳು ಅನ್ನುವುದು ತುಂಬಾ ಹಳೆಯ ನಂಬಿಕೆ. ಕ್ಯಾಥೊಲಿಕ್ ಸಭೆ ಅದನ್ನು ವಿಶ್ವಾಸಸತ್ಯ ಅಂತ ಅಧಿಕೃತವಾಗಿ ಘೋಷಿಸಿದ್ದು 1950ರಲ್ಲಿ ಮಾತ್ರ, ಆದರೆ ಜನ ಮೊದಲಿನಿಂದ ಹಾಗೇ ಪ್ರಾರ್ಥಿಸುತ್ತಿದ್ದರು. ಸ್ವರ್ಗದ ಸುಳಿವೇ ಇಲ್ಲದ ಕೋಣೆಯಲ್ಲಿ ಊದಿದ ಮೈ ನೋಡಿದಾಗ ಆ ಗುರುಗಳಿಗೆ ಹೇಗಾಗಿರಬೇಕು ಅಂತ ನನಗೆ ಅರ್ಥ ಆಗುತ್ತದೆ. ಅವರನ್ನು ಬರೀ ಮಡಿವಂತರು ಅಂತ ತಳ್ಳಿಹಾಕಬೇಡಿ.

ಹೊಂಗೆನೆರಳು

ಖಂಡಿತ ಇಲ್ಲ. ಅವರಿಗೆ ಚಿತ್ರ ಸರಿಯಾಗಿಯೇ ಅರ್ಥವಾಗಿತ್ತು ಅನ್ನುವುದು ನನ್ನ ಅಭಿಪ್ರಾಯ.

ಮೊಸೆಲ್ ದಂಡೆ

ಫ್ರಾನ್ಸಿನ ಲೊರೇನ್ ಪ್ರಾಂತ್ಯದಲ್ಲಿ ಕೆಲಸದಲ್ಲಿರುವ ಕನ್ನಡತಿ ನಾನು. ಈ ಎಳೆ ಓದಿ ಸುಮ್ಮನಿರಲಾಗಲಿಲ್ಲ, ಯಾಕೆಂದರೆ ನೀವು ಹೇಳುತ್ತಿರುವ ನಿಯಮವನ್ನು ಇಲ್ಲಿನವನೇ ಒಬ್ಬ ಚಿತ್ರಕಾರ ಮುರಿಯುತ್ತಾನೆ: ಜಾರ್ಜ್ ದ ಲ ತೂರ್.

1593ರಲ್ಲಿ ಹುಟ್ಟಿ ಲುನೆವಿಲ್ ಎಂಬ ಊರಿನಲ್ಲಿ ಬದುಕಿದವನು. ಮೂವತ್ತು ವರ್ಷಗಳ ಯುದ್ಧ ಲೊರೇನನ್ನು ಹುರಿದು ಹಾಕಿತು, ಜೊತೆಗೆ ಪ್ಲೇಗು, 1638ರಲ್ಲಿ ಲುನೆವಿಲ್ಲಿಗೆ ಬೆಂಕಿ. 1652ರ ಜನವರಿಯಲ್ಲಿ ಮೊದಲು ಹೆಂಡತಿ, ಹದಿನೈದು ದಿನಕ್ಕೆ ಇವನೂ ತೀರಿಕೊಂಡರು. ಆಮೇಲೆ ಹೆಸರೇ ಅಳಿಸಿಹೋಗಿ, 1915ರಲ್ಲಿ ಹೆರ್ಮನ್ ಫಾಸ್ ಎಂಬ ಜರ್ಮನ್ ವಿದ್ವಾಂಸ ಗುರುತು ಹಿಡಿದ ಮೇಲೆ ಮತ್ತೆ ಬೆಳಕಿಗೆ ಬಂದ.

ಕಾರವಾಜ್ಜೊನಲ್ಲಿ ಬೆಳಕಿನ ಮೂಲ ಚಿತ್ರದ ಹೊರಗಿರುತ್ತದೆ. ಲ ತೂರ್ ದೀಪವನ್ನು ಚಿತ್ರದ ಒಳಗೇ ತಂದಿಡುತ್ತಾನೆ: ಒಂದು ಮೇಣದಬತ್ತಿ, ಒಂದು ಪಂಜು, ಎಣ್ಣೆಬತ್ತಿ. ಎಪಿನಾಲ್ ಮ್ಯೂಸಿಯಮ್ಮಿನಲ್ಲಿ ‘ಹೆಂಡತಿಯಿಂದ ಹೀಯಾಳಿಸಿಕೊಂಡ ಯೋಬ’ ಇದೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಹೋದ ಬೈಬಲ್ಲಿನ ಯೋಬ ಬೆತ್ತಲೆ ಕೂತಿದ್ದಾನೆ, ಕಾಲ ಬಳಿ ಒಡೆದ ಮಡಕೆ. ಹೆಂಡತಿ ಎಷ್ಟು ಎತ್ತರ ಎಂದರೆ ಚೌಕಟ್ಟಿಗೆ ತಲೆ ತಗಲುತ್ತದೆಂದು ಬಗ್ಗಿ ನಿಂತ ಹಾಗಿದ್ದಾಳೆ. ಇಬ್ಬರ ನಡುವೆ ಅವಳ ಕೈಯ ಮೇಣದಬತ್ತಿ. ಯೋಬ ಬಾಯಿ ತೆರೆದು ಮೇಲೆ ಅವಳನ್ನು ನೋಡುತ್ತಾನೆ, ಆ ಮುಖದ ಪ್ರತಿ ಸುಕ್ಕೂ ಬೆಳಗುತ್ತದೆ. ಇಲ್ಲಿ ಮರೆ ಎಲ್ಲಿದೆ? ದುಃಖದ ಮುಖವನ್ನೇ ದೀಪ ಹಿಡಿದು ತೋರಿಸುತ್ತಿದ್ದಾನಲ್ಲ!

ಹೊಂಗೆನೆರಳು

ಇದು ಒಳ್ಳೆಯ ಪೆಟ್ಟು. ನಾನು ಹೇಳಿದ್ದು ಬರೋಕ್‌ಗೆಲ್ಲ ಅನ್ವಯಿಸುವ ನಿಯಮವಾಗಬೇಕಿಲ್ಲ, ನಿಮ್ಮ ಯೋಬನನ್ನು ಎದುರಿಗಿಟ್ಟುಕೊಂಡು ಯೋಚಿಸಿದರೆ ಇನ್ನಷ್ಟು ತಿಳಿಯುತ್ತದೆ. ಯೋಬನಿಗೆ ಎದುರಿಗೆ ಒಬ್ಬಳಿದ್ದಾಳೆ. ಅವನ ಮುಖ ಬೆಳಗುವುದು ಅವಳಿಗಾಗಿ, ಅವಳ ಕೈಯ ದೀಪದಿಂದ. ನಾವು ಪಕ್ಕದಲ್ಲಿ ನಿಂತು ನೋಡುತ್ತೇವೆ ಅಷ್ಟೇ. ಮಗ್ದಲದವಳಿಗೆ ಎದುರಿಗೆ ಯಾರೂ ಇಲ್ಲ, ಅವಳು ಮುಖ ಎತ್ತಿದರೆ ಸಿಗುವುದು ಹೆಣ. ಅವಳ ಮುಖ ತೋರಿಸಿದ್ದರೆ ಅದು ನೋಡುಗರಾದ ನಮಗೋಸ್ಕರ ಮಾತ್ರ ಆಗಿರುತ್ತಿತ್ತು.

ಲ ತೂರ್‌ನ ಮಗ್ದಲದ ಮರಿಯ ಚಿತ್ರಗಳನ್ನೂ ನೋಡಿ. ನ್ಯೂಯಾರ್ಕಿನ ಮೆಟ್ರೋಪಾಲಿಟನ್‌ನಲ್ಲಿ ಇರುವುದರಲ್ಲಿ ಅವಳು ಮುಖ ಆಚೆ ತಿರುಗಿಸಿದ್ದಾಳೆ, ಮಡಿಲಲ್ಲಿ ತಲೆಬುರುಡೆ, ಕನ್ನಡಿಯಲ್ಲಿ ಕಾಣುವುದು ಅವಳ ಮುಖವಲ್ಲ, ಮೇಣದಬತ್ತಿ.

ಮೊಸೆಲ್ ದಂಡೆ

ಕನ್ನಡಿಯ ವಿಷಯ ನಿಜ. ಆದರೆ ಯೋಬನ ಮುಖವನ್ನು ನಾನು ಬಿಟ್ಟುಕೊಡುವುದಿಲ್ಲ. ಎಲ್ಲ ಕಳೆದುಕೊಂಡವನ ಮುಖ ನೋಡುವ ಧೈರ್ಯವನ್ನು ಚಿತ್ರ ನಮ್ಮಿಂದ ಕೇಳುತ್ತದೆ. ನಾವು ಕಣ್ಣು ತಪ್ಪಿಸಬಾರದು ಅನ್ನುತ್ತದೆ.

ಇರುಳಗೆರೆ

ಕತ್ತಲೆಯ ಮಾತು ಬಂದಮೇಲೆ ಡಚ್ ಚಿತ್ರಕಾರ ರೆಂಬ್ರಾಂಟನ ‘ಮೂರು ಶಿಲುಬೆಗಳು’ ಬಿಡುವಂತಿಲ್ಲ. 1653, ತಾಮ್ರದ ತಗಡಿನ ಮೇಲೆ ಸೂಜಿಯಿಂದ ನೇರ ಗೀರಿ ಅಚ್ಚು ತೆಗೆದ ಡ್ರೈಪಾಯಿಂಟ್ ಚಿತ್ರ. ಗೀರಿದ ಅಂಚಿನಲ್ಲಿ ಎದ್ದ ತಾಮ್ರದ ಜಿಬುರು ಮಸಿ ಹಿಡಿಯುತ್ತದೆ, ಅದರಿಂದಲೇ ಮಖಮಲ್ಲಿನಂಥ ಕಪ್ಪು ಬರುವುದು. ಆ ಜಿಬುರು ಬೇಗ ಸವೆಯುವುದರಿಂದ ಒಳ್ಳೆಯ ಪ್ರತಿ ಸಿಗುವುದು ಕೆಲವೇ ಕೆಲವು.

ಮೊದಲ ಹಂತದ ಪ್ರತಿಗಳಲ್ಲಿ ಆಕಾಶದಿಂದ ಬೆಳಕಿನ ಗೋಪುರ ಇಳಿದಿದೆ. ಕೆಳಗೆ ಮಾತೆ ಮರಿಯ, ಶಿಷ್ಯರು, ಮಂಡಿಯೂರಿದ ಶತಾಧಿಪತಿ, ಓಡುವವರು, ಎಲ್ಲರೂ ಬೇರೆಬೇರೆಯಾಗಿ ಕಾಣುತ್ತಾರೆ. ನಾಲ್ಕನೇ ಹಂತಕ್ಕೆ ಬರುವಾಗ ಅದೇ ತಗಡನ್ನು ಕೆರೆದು, ಉಜ್ಜಿ, ಮೇಲಿನಿಂದ ಕೆಳಕ್ಕೆ ಉದ್ದುದ್ದ ಗೆರೆ ಎಳೆದು ಮುಕ್ಕಾಲು ಪಾಲು ಮುಚ್ಚಿಬಿಟ್ಟಿದ್ದಾನೆ. ಕ್ರಿಸ್ತನ ಜೊತೆ ಶಿಲುಬೆಗೇರಿಸಿದ ಇಬ್ಬರು ಕಳ್ಳರಲ್ಲಿ ಒಬ್ಬನ ಶಿಲುಬೆ ಹೆಚ್ಚುಕಡಿಮೆ ಮುಳುಗಿದೆ. ಅಳುವವರ ಗುಂಪು ಕತ್ತಲೆಗೆ ಸೇರಿದೆ, ನಡುವೆ ಕ್ರಿಸ್ತ ಮಾತ್ರ. ಮಧ್ಯಾಹ್ನದಿಂದ ಮೂರು ಗಂಟೆಯವರೆಗೆ ನಾಡೆಲ್ಲ ಕತ್ತಲಾಯಿತು ಎಂದು ಸುವಾರ್ತೆ ಹೇಳುವುದನ್ನು ಅಕ್ಷರಶಃ ಮಾಡಿದ ಹಾಗೆ. ಮುಖಗಳನ್ನು ಬರೆದು, ಅಚ್ಚು ಹಾಕಿ, ಆಮೇಲೆ ಬೇಡವೆಂದು ತಾನೇ ಮುಚ್ಚಿದ್ದು ಇದು. ಹೊಂಗೆನೆರಳು ಅವರಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗಲಾರದು.

ತುಂಗಾತೀರ

ರೆಂಬ್ರಾಂಟನ ಎರಡೂ ಹಂತದ ಪ್ರತಿಗಳನ್ನ ಅಕ್ಕಪಕ್ಕ ಇಟ್ಕೊಂಡು ನೋಡ್ದೆ. ಮೊದಲನೇದರಲ್ಲಿ ಒಬ್ಬೊಬ್ಬರನ್ನೇ ಹುಡುಕ್ತಾ ಕಣ್ಣು ಓಡಾಡತ್ತೆ. ನಾಲ್ಕನೇದರಲ್ಲಿ ಓಡಾಡೋಕೆ ಜಾಗನೇ ಇಲ್ಲ. ಕತ್ತಲೆ ಬರೀ ವಿಧಾನದ ಫಲ ಅನ್ನೋ ಮಾತು ಇಲ್ಲಂತೂ ನಿಲ್ಲಲ್ಲ. ಕಾರವಾಜ್ಜೊನ ವಿಷಯದಲ್ಲಿ ವಿಧಾನ, ಉದ್ದೇಶ ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ ಅಂತ ಈಗ್ಲೂ ಅಂತೀನಿ.

ಬಣ್ಣದ ಪೆಟ್ಟಿಗೆ

ಒಂದು ವಿನಂತಿ. ಈ ಚಿತ್ರಗಳನ್ನು ಮೊಬೈಲಿನಲ್ಲಿ ನೋಡುವವರು ಫೋಟೋದಲ್ಲಿ ನೆರಳನ್ನು ಎತ್ತಿರುತ್ತಾರೆ ಎಂಬುದನ್ನು ನೆನಪಿಡಿ. ಹಿನ್ನೆಲೆಯ ಪ್ರತಿ ಮಡಿಕೆ ಕಾಣಲಿ ಎಂದು ಬ್ರೈಟ್‌ನೆಸ್ ಏರಿಸಿದ ಪ್ರತಿಗಳೇ ಅಂತರ್ಜಾಲದಲ್ಲಿ ಹೆಚ್ಚು. ಮ್ಯೂಸಿಯಮ್ಮುಗಳ ಸ್ವಂತ ಜಾಲತಾಣದ ಚಿತ್ರ ನೋಡುವುದು ಕ್ಷೇಮ.

ಕುಡ್ಲದ ಮಗಳು

ನಮ್ಮ ಊರಿನ ಸಂಬಂಧ ಒಂದು ಉಂಟು. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ಲಿನ ಗೋಡೆ, ಮಾಡು ತುಂಬಾ ಚಿತ್ರ ಬರೆದ ಯೇಸುಸಭೆಯ ಅಂತೋನಿಯೊ ಮೊಸ್ಕೇನಿ ಬೆರ್ಗಾಮೊ ಕಡೆಯವರು. ಕಾರವಾಜ್ಜೊ ಎಂಬ ಪಟ್ಟಣ ಇರುವುದೂ ಈಗಿನ ಬೆರ್ಗಾಮೊ ಪ್ರಾಂತ್ಯದಲ್ಲೇ, ಚಿತ್ರಕಾರನಿಗೆ ಹೆಸರು ಬಂದದ್ದು ಆ ಊರಿನಿಂದ. ಕಾಲ ಮಾತ್ರ ಮುನ್ನೂರು ವರ್ಷ ಆಚೆ, ಶೈಲಿ ಬೇರೆಯೇ. ಮೊಸ್ಕೇನಿಯವರ ಚಾಪೆಲ್ಲಿನಲ್ಲಿ ಕತ್ತಲೆಗೆ ಜಾಗವೇ ಇಲ್ಲ, ಎಲ್ಲ ಕಡೆ ಬೆಳಕು, ಪ್ರತಿ ಕತೆಯೂ ಸ್ಪಷ್ಟ. ಚಿಕ್ಕಂದಿನಲ್ಲಿ ಅಲ್ಲಿ ಕೂತು ಒಂದೊಂದೇ ಕತೆ ಗುರುತು ಹಿಡಿಯುತ್ತಿದ್ದೆವು. ಕಲಿಸುವ ಚಿತ್ರಕ್ಕೆ ಅಂಥ ಬೆಳಕೇ ಬೇಕು.

ಧಾರವಾಡದ ಓದುಗ

ಕೊನೀಗೆ ಒಂದು ಕೇಳ್ತೀನ್ರೀ. ಕಾರವಾಜ್ಜೊನ ಚಿತ್ರ ವಾಪಸ್ ಕಳಿಸಿದ ಮ್ಯಾಲೆ ಆ ಚರ್ಚಿನ್ಯಾಗ ಯಾವ ಚಿತ್ರ ಬಂತು? ಅಲ್ಲಿ ಬೆಳಕು ಹೆಂಗೈತಿ?

ಹೊಂಗೆನೆರಳು

ಕಾರ್ಲೊ ಸರಚೇನಿ ಎಂಬವನಿಗೆ ವಹಿಸಿದರು. ಅವನು ಕಾರವಾಜ್ಜೊನನ್ನು ಹತ್ತಿರದಿಂದ ಅಭ್ಯಾಸ ಮಾಡಿದವನೇ. ಅವನ ಚಿತ್ರದಲ್ಲಿ ಮರಿಯ ಮಲಗಿಲ್ಲ, ಕೂತಿದ್ದಾಳೆ. ಕೈ ಜೋಡಿಸಿದ್ದಾಳೆ, ಇನ್ನೂ ಜೀವ ಇದೆ. ಸುತ್ತ ಪ್ರೇಷಿತರು, ಹಿಂದೆ ಚರ್ಚಿನಂಥ ಕಟ್ಟಡ. ಅದೂ ಸಾಲಲಿಲ್ಲ. ಇನ್ನೊಂದು ಬರೆಸಿದರು. ಈ ಸಲ ಹಿಂದಿನ ಕಟ್ಟಡ ಹೋಗಿ, ಆ ಜಾಗದಲ್ಲಿ ಮೋಡ ಬಿರಿದು ದೇವದೂತರ ಗುಂಪು ಬಂತು. ಈಗಲೂ ಸ್ಕಾಲ ಚರ್ಚಿನಲ್ಲಿರುವುದು ಆ ಎರಡನೆಯದೇ. ಅವರಿಗೆ ಬೇಕಾಗಿದ್ದು ಬೆಳಕು ಸ್ವರ್ಗದಿಂದ ಬರಬೇಕು, ಅದು ಕಣ್ಣಿಗೆ ಕಾಣಬೇಕು ಅನ್ನುವುದು. ಕುಡ್ಲದ ಮಗಳು ಹೇಳಿದ ಹಾಗೆ ಅದು ಅವರ ನಂಬಿಕೆಯ ತಿರುಳು.

ಕಾರವಾಜ್ಜೊನ ಕ್ಯಾನ್ವಾಸಿನಲ್ಲೂ ದೇವದೂತರಿಗೆ ಬೇಕಾದಷ್ಟು ಜಾಗ ಇತ್ತು. ಮೇಲಿನ ಮೂರನೇ ಒಂದು ಭಾಗದಲ್ಲಿ ಆ ಕೆಂಪು ಪರದೆ ಮತ್ತು ಖಾಲಿ ಕತ್ತಲೆ ಬಿಟ್ಟರೆ ಏನೂ ಇಲ್ಲ. ಅಷ್ಟು ದೊಡ್ಡ ಜಾಗ ಇಟ್ಟುಕೊಂಡೂ ಅವನು ಯಾರನ್ನೂ ಕಳಿಸಲಿಲ್ಲ. ಮಗ್ದಲದವಳಿಗೆ ಸಮಾಧಾನ ಹೇಳಲು ಯಾರೂ ಬರುವುದಿಲ್ಲ, ಬೋಗುಣಿಯ ಕೆಲಸ ಇನ್ನೂ ಬಾಕಿ ಇದೆ. ಮರಿಯ ಸ್ವರ್ಗಕ್ಕೆ ಹೋದಳೋ ಇಲ್ಲವೋ ಅನ್ನುವ ಬಗ್ಗೆ ಅವನು ಏನನ್ನೂ ಅಲ್ಲಗಳೆದಿಲ್ಲ. ಆ ಕೋಣೆಯಲ್ಲಿದ್ದವರಿಗೆ ಆ ಗಳಿಗೆಯಲ್ಲಿ ಅದು ಗೊತ್ತಿರಲಿಲ್ಲ, ಅಷ್ಟನ್ನು ಮಾತ್ರ ಬರೆದಿದ್ದಾನೆ.